ಬಿಸಿಯಾದರೆ ನಿಲ್ಲುತ್ತಿದ್ದ ಎಸ್‌ಎಲ್ 500: ಹಾರ್ನೆಸ್ ಕೈಯಲ್ಲೇ ಕಟ್ಟಿದ ನನ್ನ ಅನುಭವ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜರ್ಮನ್ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವರು ತುಂಬ ಜನ ಇದ್ದೇವೆ. ಅವರಲ್ಲಿ ಹೆಚ್ಚಿನವರು ನನಗೆ ಹೇಳಿದ್ದು ಒಂದೇ ಮಾತು: "ಇಂಜಿನ್ ಹಾರ್ನೆಸ್ ಕೈಯಲ್ಲಿ ಕಟ್ಟಿದರೆ ಒಂದು ಬೇಸಿಗೆಯೂ ಬಾಳಲ್ಲ." ಹಾರ್ನೆಸ್ ಅಂದರೆ ಇಂಜಿನ್ ಮೇಲಿನ ವೈರ್‌ಗಳ ಇಡೀ ಕಟ್ಟು. ನಾನು ಕಟ್ಟಿದ್ದು ಎರಡು ಬೇಸಿಗೆ ದಾಟಿದೆ. ಅದೂ ಇಲ್ಲಿನ ಬೇಸಿಗೆ. ಹಾಗೆ ಹೇಳಿದವರೇ ಈಗ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1994ರ ಮರ್ಸಿಡಿಸ್ ಎಸ್‌ಎಲ್ 500. ಆರ್129 ಬಾಡಿ, ಎಂ119 ಅನ್ನುವ ವಿ8 ಇಂಜಿನ್, ಎಲ್‌ಎಚ್ ಜೆಟ್ರಾನಿಕ್ ಅನ್ನುವ ಪೆಟ್ರೋಲ್ ಇಂಜೆಕ್ಷನ್, 320 ಎಚ್‌ಪಿಯ ಮಾಡೆಲ್. ಇದಕ್ಕಿಂತ ಹಿಂದಿನ ಕೆಇ ಜೆಟ್ರಾನಿಕ್ ಗಾಡಿಗೂ, ಆಮೇಲೆ ಬಂದ ಮೋಟ್ರಾನಿಕ್ ಗಾಡಿಗೂ ನಾನು ಹೇಳುವುದು ಪೂರ್ತಿ ಹೊಂದುವುದಿಲ್ಲ. ಮಧ್ಯದ ವರ್ಷಗಳ ಗಾಡಿಗಳೇ ನಿಜವಾದ ತಲೆನೋವು. ಆ ಕಾಲದ ಇಂಜಿನ್ ವೈರಿನ ಇನ್ಸುಲೇಷನ್ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಅದೇ ಕಾಲದ ಮರ್ಸಿಡಿಸ್ ಡಬ್ಲ್ಯೂ124, ಡಬ್ಲ್ಯೂ140 ಬಿಚ್ಚಿದವರಿಗೆಲ್ಲ ಇದು ಗೊತ್ತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಹೊಸದರ ಹಾಗೆ ಓಡುತ್ತಿತ್ತು. ಮಧ್ಯಾಹ್ನ ಪೆಟ್ರೋಲ್ ಹಾಕಿಸಲು ಇಪ್ಪತ್ತು ನಿಮಿಷ ನಿಲ್ಲಿಸಿದರೆ ಸಾಕು, ಆಮೇಲೆ ಐಡಲ್ ಏರಿಳಿತ, ಎಎಸ್‌ಆರ್ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ದೀಪ, ಪೆಡಲ್ ತಳದವರೆಗೆ ಒತ್ತಿದರೂ ಗಾಡಿ ತೆವಳುವುದು. ಸಿಗ್ನಲ್‌ನಲ್ಲಿ ಆಫ್. ರಾತ್ರಿ ತಣ್ಣಗಾದ ಮೇಲೆ ಮತ್ತೆ ಸರಿ.

ನನ್ನ ಹತ್ತಿರ ಬರುವ ಮುಂಚೆ ಬೇರೆ ಗ್ಯಾರೇಜ್‌ಗಳಲ್ಲಿ ಒಂಬತ್ತು ಸಾವಿರ ದಿರ್ಹಮ್ ಹತ್ತಿರ ಹೋಗಿತ್ತು. ಬ್ಲಿಂಕ್ ಕೋಡ್ (ದೀಪ ಮಿನುಗಿ ತೋರಿಸುವ ದೋಷದ ನಂಬರ್) ತೆಗೆಯುವುದು, ಕೋಡ್ ಹೇಳಿದ ಸಾಮಾನು ಬದಲಿಸುವುದು, ಇಷ್ಟೇ ನಡೆದಿದ್ದು. ಏರ್ ಮಾಸ್ ಸೆನ್ಸರ್ ಬದಲಾಯಿತು. ಇಂಜೆಕ್ಷನ್ ನಡೆಸುವ ಎಲ್‌ಎಚ್ ಮಾಡ್ಯೂಲ್ ಸೆಕೆಂಡ್ ಹ್ಯಾಂಡ್ ತಂದು ಹಾಕಿದರು. ಕಿಡಿಯ ಸಮಯ ನೋಡಿಕೊಳ್ಳುವ ಇಗ್ನಿಷನ್ ಮಾಡ್ಯೂಲ್ ಇಜಡ್‌ಎಲ್ ಕೂಡ ಹಾಗೇ ಬದಲಾಗಿತ್ತು. ನಾನು ಬಿಚ್ಚಿ ನೋಡಿದರೆ ಅದರ ಕೆಳಗೆ ಹೀಟ್ ಪೇಸ್ಟ್ ಒಂದು ಚೂರೂ ಇರಲಿಲ್ಲ. ಫೆಂಡರ್ ತಗಡಿಗೆ ಬಿಸಿ ಬಿಟ್ಟುಕೊಡಬೇಕಾದ ಸಾಮಾನು ಅದು. ಪೇಸ್ಟ್ ಇಲ್ಲದೆ ಈ ಊರಲ್ಲಿ ಎಷ್ಟು ದಿನ ಬಾಳೀತು? ಹತ್ತು ದಿರ್ಹಮ್‌ನ ಪೇಸ್ಟ್ ಉಳಿಸಲು ಸಾವಿರಗಟ್ಟಲೆಯ ಸಾಮಾನನ್ನು ಸುಡುವುದು ನನಗೆ ಸಹಿಸಲಾಗದ ವಿಷಯ.

ಓನರ್ ವಯಸ್ಸಾದ ಎಮಿರಾತಿ. ನಾವೆಲ್ಲ ಅರ್ಬಾಬ್, ಅಂದರೆ ಯಜಮಾನರು, ಅಂತಲೇ ಕರೆಯುವುದು. "ಉಸ್ತಾದ್, ಇದೇ ಕೊನೆ. ಆಗದಿದ್ದರೆ ಸ್ಕ್ರ್ಯಾಪ್‌ಗೆ ಕೊಡ್ತೀನಿ" ಅಂದರು. ಅಂಥ ಇಂಜಿನ್ ಸ್ಕ್ರ್ಯಾಪ್‌ಗೆ ಹೋಗುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಕಂಪ್ರೆಷನ್ ಎಂಟಕ್ಕೆ ಎಂಟೂ ಸಮ. ಫ್ಯೂಯಲ್ ಪ್ರೆಷರ್ ವ್ಯಾಕ್ಯೂಮ್ ಪೈಪ್ ತೆಗೆದಾಗ 4 ಬಾರ್ ಹತ್ತಿರ, ಬಿಸಿಯಲ್ಲೂ ಅಷ್ಟೇ. ಅಲ್ಲಿಗೆ ಮೆಕ್ಯಾನಿಕಲ್ ಬದಿ ಮುಗಿಯಿತು.

ಕೋಡ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಈ ಗಾಡಿಯಲ್ಲಿ ಎಲ್‌ಎಚ್, ಇಜಡ್‌ಎಲ್, ಥ್ರಾಟಲ್ ಮಾಡ್ಯೂಲ್, ಎಎಸ್‌ಆರ್ ಎಲ್ಲ ಮಾಡ್ಯೂಲ್‌ಗಳ ನಡುವಿನ ಕ್ಯಾನ್ ಡೇಟಾ ಲೈನ್‌ನಲ್ಲಿ ಮಾತಾಡಿಕೊಳ್ಳುತ್ತವೆ. ಒಂದಕ್ಕೆ ತಪ್ಪು ಸಿಗ್ನಲ್ ಬಂದರೆ ಉಳಿದವೂ ಕೂಗಿಕೊಳ್ಳುತ್ತವೆ. ಕೋಡ್‌ಗಳ ರಾಶಿ ಬೀಳುತ್ತದೆ. ಮೊದಲು ಕೂಗಿದ್ದು ಯಾವುದು ಅನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೇ ನಾನು ಕೋಡ್ ಬರೆದಿಟ್ಟುಕೊಂಡು, ಅಳಿಸಿ, ಮೀಟರ್ ಕೈಗೆತ್ತಿಕೊಂಡೆ.

ತಣ್ಣಗಿರುವಾಗ ಅಳೆದರೆ ಈ ರೋಗ ಸಿಗುವುದೇ ಇಲ್ಲ. ಸಾಮಾನ್ಯ ಮಲ್ಟಿಮೀಟರ್‌ನಲ್ಲಿ ಎಲ್ಲ ವೈರೂ ಸರಿ. ಎಲ್ಲರೂ ಅಲ್ಲಿಗೇ ನಿಲ್ಲಿಸಿದ್ದರು. ನಾನು ಆಗಸ್ಟ್ ಮಧ್ಯಾಹ್ನ ಇ311 ರಸ್ತೆಯಲ್ಲಿ ಚೆನ್ನಾಗಿ ಓಡಿಸಿ, ತಂದು, ಬಾನೆಟ್ ಮುಚ್ಚಿಯೇ ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ. ಇಂಜಿನ್ ಆಫ್ ಆದ ಮೇಲಿನ ಅರ್ಧ ಗಂಟೆಯಲ್ಲೇ ವಿ ನಡುವಿನ, ಅಂದರೆ ಎರಡು ಸಿಲಿಂಡರ್ ಸಾಲುಗಳ ಮಧ್ಯದ, ಬಿಸಿ ಅತಿ ಹೆಚ್ಚು, ಗಾಳಿ ಆಡುವುದಿಲ್ಲ ಅಲ್ವಾ. ಆಗ ಹಾರ್ನೆಸ್‌ನ ಎರಡೂ ತುದಿ ಪ್ಲಗ್ ಕಿತ್ತು, ಒಂದೊಂದು ಜೋಡಿ ವೈರ್ ನಡುವೆ 12 ವೋಲ್ಟ್ ಕೊಟ್ಟು ಎಷ್ಟು ಕರೆಂಟ್ ಸೋರುತ್ತದೆ ಅಂತ ನೋಡಿದೆ. ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಬೇಡಿ. 500 ವೋಲ್ಟ್ ಬಿದ್ದರೆ ಒಣಗಿದ ಇನ್ಸುಲೇಷನ್‌ನಲ್ಲಿ ಹೊಸ ತೂತಾಗುತ್ತದೆ. ಮಾಡ್ಯೂಲ್ ಒಂದು ತಪ್ಪಿ ಸಿಕ್ಕಿಸಿಕೊಂಡೇ ಇದ್ದರೆ ಅದೂ ಹೋಯಿತು.

ತಣ್ಣಗಿದ್ದಾಗ ಎಲ್ಲ ಜೋಡಿಯೂ ಸೊನ್ನೆ. ಬಿಸಿಯಲ್ಲಿ ಎಲೆಕ್ಟ್ರಾನಿಕ್ ಥ್ರಾಟಲ್, ಅಂದರೆ ಇಟಿಎ ಕೇಬಲ್‌ನ ಎರಡು ವೈರ್ ನಡುವೆ 2 ಮಿಲಿಆಂಪಿಯರ್ ಹತ್ತಿರ ಬಂತು. ಲೆಕ್ಕ ಹಾಕಿ, ಐದಾರು ಕಿಲೋ ಓಮ್ ಸೋರಿಕೆ. ಥ್ರಾಟಲ್ ಪೊಸಿಷನ್ ಸಿಗ್ನಲ್ ಓಡುವುದು 5 ವೋಲ್ಟ್‌ನಲ್ಲಿ. ಪ್ಲಗ್ ವಾಪಸ್ ಹಾಕಿ ಸ್ಕೋಪ್‌ನಲ್ಲಿ (ಸಿಗ್ನಲ್ ಅನ್ನು ಗೆರೆಯಾಗಿ ತೋರಿಸುವ ಮೀಟರ್) ನೋಡಿದರೆ ಸಿಗ್ನಲ್ 0.2 ವೋಲ್ಟ್ ಜಾರಿತ್ತು. ಮಾಡ್ಯೂಲ್ ಅದನ್ನು ನಂಬದೆ ಲಿಂಪ್‌ಗೆ, ಅಂದರೆ ಗಾಡಿ ಮೆಲ್ಲಗೆ ಮಾತ್ರ ಓಡಲು ಬಿಡುವ ಸ್ಥಿತಿಗೆ, ಹೋಗುತ್ತಿತ್ತು. ಅದು ಮಾಡಿದ್ದು ಸರಿಯೇ. ಇಂಜೆಕ್ಟರ್ ವೈರ್‌ಗಳಲ್ಲೂ ಎರಡು ಕಡೆ ಸೋರಿಕೆ ಸಿಕ್ಕಿತು. ಅವನ್ನು ಮೆಲ್ಲಗೆ ಬಗ್ಗಿಸಿದರೆ ಇನ್ಸುಲೇಷನ್ ಕೈಯಲ್ಲೇ ಉದುರಿತು. ಒಳಗಿನ ತಾಮ್ರ ಹಸಿರುಗಟ್ಟಿತ್ತು.

ಜೊತೆಗೆ ಇಂಜಿನ್ ಅರ್ತ್ ಪಟ್ಟಿಯಲ್ಲಿ 0.4 ವೋಲ್ಟ್ ಡ್ರಾಪ್. ಉಜ್ಜಿ, ಹೊಸ ಪಟ್ಟಿ ಹಾಕಿದೆ. ಮಾಡ್ಯೂಲ್ ಬಾಕ್ಸ್‌ನ ಸಣ್ಣ ಫ್ಯಾನ್ ಜಾಮ್ ಆಗಿತ್ತು, ಅದನ್ನೂ ಬದಲಿಸಿದೆ. ಈ ಫ್ಯಾನ್ ತಿರುಗುತ್ತಿದೆಯಾ ಅಂತ ಯಾರೂ ನೋಡುವುದಿಲ್ಲ. ನೋಡಿ.

ಈಗ ಹಾರ್ನೆಸ್. ಹೊಸದಕ್ಕೆ ಸುಮಾರು 5,000 ದಿರ್ಹಮ್, ಮೇಲೆ ಎರಡು ತಿಂಗಳು ಕಾಯಬೇಕು ಅಂದರು. ಹೊಸ ಇಟಿಎ ಅದಕ್ಕಿಂತ ಜಾಸ್ತಿ. ಎರಡೂ ಸೇರಿದರೆ ಅರ್ಬಾಬ್ ಗಾಡಿ ಮಾರುವುದೇ ಗ್ಯಾರಂಟಿ. ಸ್ಕ್ರ್ಯಾಪ್ ಯಾರ್ಡ್‌ನಲ್ಲಿ ಅದೇ ವರ್ಷದ ಹಾರ್ನೆಸ್ 300ಕ್ಕೆ ಸಿಕ್ಕಿತು. ಅದೂ ಹಾಗೇ ಪುಡಿಯಾಗಿರುತ್ತದೆ ಅಂತ ಗೊತ್ತಿದ್ದೇ ತಂದೆ. ನನಗೆ ಬೇಕಿದ್ದದ್ದು ವೈರ್ ಅಲ್ಲ, ಪ್ಲಗ್‌ಗಳ ಪ್ಲಾಸ್ಟಿಕ್ ಮತ್ತು ಅಳತೆ. ಗಾಡಿಯಲ್ಲಿದ್ದ ಹಾರ್ನೆಸ್ ಮುಟ್ಟದೆ ಕೆಲಸ ಮುಗಿಸಲು ಅದರಿಂದ ಆಯಿತು.

ಹಳೇ ವೈರ್ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿದರೆ ಆಗಲ್ವಾ ಅಂತ ಕೇಳುವವರು ಇದ್ದಾರೆ. ಇದೇ ಸ್ಕ್ರ್ಯಾಪ್ ಹಾರ್ನೆಸ್ ಮೇಲೆ ಹಾಕಿ ನೋಡಿದೆ. ಶ್ರಿಂಕ್ ಮುಗಿಯುವ ಜಾಗದಲ್ಲೇ ಕೆಳಗಿನ ವೈರ್ ಮುರಿಯಿತು. ಆಗುವುದಿಲ್ಲ.

ಯಾವ ವೈರ್ ಹಾಕಬೇಕು ಅನ್ನುವುದಕ್ಕೆ ನಾನು ಹಿಂದಿನ ವರ್ಷವೇ ನನ್ನ ಸ್ವಂತ ಡಬ್ಲ್ಯೂ124ರಲ್ಲಿ ಒಂದು ಪ್ರಯೋಗ ಮಾಡಿದ್ದೆ. ನಾಲ್ಕೈದು ತರದ ವೈರ್ ತುಂಡುಗಳನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಿ ಕಟ್ಟಿ ಒಂದು ಪೂರ್ತಿ ಬೇಸಿಗೆ ಓಡಿಸಿದೆ. ಪಿವಿಸಿ ಕಲ್ಲಾಯಿತು. ಸಿಲಿಕಾನ್ ಬಿಸಿಗೆ ಏನೂ ಆಗಲಿಲ್ಲ, ಆದರೆ ಬ್ರಾಕೆಟ್ ಅಂಚಿಗೆ ಉಜ್ಜಿದ ಕಡೆ ಕಿತ್ತುಹೋಯಿತು. ಫೈಬರ್‌ಗ್ಲಾಸ್ ಸ್ಲೀವ್ ಬಿಸಿ ತಡೆಯಿತು, ಆದರೆ ಬತ್ತಿಯ ಹಾಗೆ ಎಣ್ಣೆ ಕುಡಿಯಿತು. ಟೆಫ್ಲಾನ್ ವೈರ್ ಮಾತ್ರ ಹಾಕಿದ ಹಾಗೇ ಇತ್ತು. ಬಗ್ಗಿಸುವುದು ಕಷ್ಟ, ಬೆಲೆಯೂ ಜಾಸ್ತಿ. ಆದರೂ ವಿ ನಡುವೆ ಪೂರ್ತಿ ಟೆಫ್ಲಾನ್, ಅಲುಗಾಡುವ ಕೊನೆಯ ಗೇಣಿನಷ್ಟು ಜಾಗಕ್ಕೆ ಸಿಲಿಕಾನ್ ಅಂತ ತೀರ್ಮಾನ ಮಾಡಿದೆ. ಎರಡನ್ನೂ ಎಲ್ಲಿ ಹೇಗೆ ಸೇರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಪ್ಲೈವುಡ್ ಹಲಗೆಗೆ ಮೊಳೆ ಹೊಡೆದು, ಸ್ಕ್ರ್ಯಾಪ್ ಹಾರ್ನೆಸ್ ಆಕಾರ ಬರೆದು, ಅದರ ಮೇಲೇ ಹೊಸದನ್ನು ಹಾಸಿದೆ. ಮರ್ಸಿಡಿಸ್‌ನ ಎರಡು ಬಣ್ಣದ ಪಟ್ಟೆ ಇರುವ ಟೆಫ್ಲಾನ್ ಸಿಗುವುದಿಲ್ಲ, ಅದಕ್ಕೆ ನಂಬರ್ ಉಂಗುರ ಹಾಕಿದೆ. ಡ್ರಾಯಿಂಗ್ ಅರ್ಬಾಬ್ ಕೈಯಲ್ಲಿ ಕೊಟ್ಟಿದ್ದೇನೆ, ನಾಳೆ ಬೇರೆಯವರು ಮುಟ್ಟಿದರೂ ತೊಂದರೆ ಆಗಬಾರದು. ಪ್ಲಗ್ ತುದಿಗಳೆಲ್ಲ ಕ್ರಿಂಪ್, ಅಂದರೆ ಇಕ್ಕಳದಲ್ಲಿ ಒತ್ತಿ ಹಿಡಿಸಿದ್ದು. ಬೆಸುಗೆ ಹಾಕಿದರೆ ಸೀಸ ಒಳಗೆ ಏರಿ ವೈರ್ ಬಿರುಸಾಗುತ್ತದೆ, ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಒಳ್ಳೆ ಕ್ರಿಂಪ್ ಇಕ್ಕಳಕ್ಕೇ ಆರುನೂರು ಕೊಟ್ಟೆ. ಅದು ಖರ್ಚಲ್ಲ, ಬಂಡವಾಳ.

ಇಟಿಎ ಕೇಬಲ್ ಮಾತ್ರ ಕಷ್ಟ. ಕಪ್ಪು ಮುಚ್ಚಳ ಕತ್ತರಿಸಬೇಕು, ಒಳಗಿನ ವೈರ್ ಬಿಡಿಸಿ ಹೊಸದು ಹಾಕಬೇಕು. ಇಲ್ಲಿ ಬೆಸುಗೆ ಬಿಟ್ಟರೆ ಬೇರೆ ದಾರಿ ಇಲ್ಲ. ಮುಚ್ಚಳ ವಾಪಸ್ ಅಂಟಿಸಲು ಮೊದಲು ತಂದ ಎಪಾಕ್ಸಿ ಬಿಸಿಗೆ ಬಿಟ್ಟುಕೊಂಡಿತು, ಎರಡನೆಯದು ಪೆಟ್ರೋಲ್ ಹಬೆಗೆ ಮೆತ್ತಗಾಯಿತು. ಈಗ ಹಾಕುವ ಅಂಟಿನ ಹೆಸರು ಕೇಳಬೇಡಿ. ನಿಮ್ಮ ಇಟಿಎ ತನ್ನಿ, ಹಾಕಿಕೊಡುತ್ತೇನೆ.

ಹಾರ್ನೆಸ್ ಹಾಕಿ ಸ್ಟಾರ್ಟ್ ಮಾಡಿದ ದಿನ ಐಡಲ್ ನೀರಿನಂತೆ ಶಾಂತ. ಪಕ್ಕದ ಗ್ಯಾರೇಜ್‌ನವರೂ ಬಂದು ನೋಡಿದರು. ಆದರೆ ಹೈವೇಯಲ್ಲಿ 3,500 ಆರ್‌ಪಿಎಂ ಮೇಲೆ ಎಳೆತ ಇಲ್ಲ. "ಹೇಳಿರಲಿಲ್ವಾ" ಅಂದರು ಕೆಲವರು. ಟೈಮಿಂಗ್ ಲೈಟ್ ಹಿಡಿದರೆ ಇಜಡ್‌ಎಲ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತಿತ್ತು. ಅಂದರೆ ಇಲ್ಲದ ನಾಕಿಂಗ್ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುವ ಬಡಿತ) ಅದಕ್ಕೆ ಕೇಳಿಸುತ್ತಿತ್ತು. ನಾಕ್ ಸೆನ್ಸರ್ ಕೇಬಲ್‌ನ ಶೀಲ್ಡ್, ಅಂದರೆ ಹೊರಗಿನ ಎಲೆಕ್ಟ್ರಿಕಲ್ ಗದ್ದಲ ತಡೆಯುವ ಹೊದಿಕೆ, ಅಳೆದೆ. ಅಂಗಡಿಯವನು ಒಳ್ಳೇದು ಅಂತ ಕೊಟ್ಟ ಕೇಬಲ್‌ನಲ್ಲಿ ಬರೀ ಫಾಯಿಲ್ ಶೀಲ್ಡ್. ಬಗ್ಗಿದ ಕಡೆ ಹರಿದಿತ್ತು. ನೇಯ್ದ ತಾಮ್ರದ ಶೀಲ್ಡ್ ಇರುವ ಕೇಬಲ್ ತಂದು, ಮಾಡ್ಯೂಲ್ ಕಡೆ ಒಂದೇ ತುದಿಗೆ ಅರ್ತ್ ಕೊಟ್ಟೆ. ಕ್ರ್ಯಾಂಕ್ ಸೆನ್ಸರ್‌ಗೂ ಅದನ್ನೇ ಎಳೆದೆ. ಅಲ್ಲಿಂದ ಗಾಡಿ ಹಾರಿತು. ಬಾಯಿ ಮುಚ್ಚಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದ ಅರ್ಬಾಬ್ ವಾಪಸ್ ಬರುವಾಗ ತಾವೇ ಸ್ಟೀರಿಂಗ್ ಹಿಡಿದರು.

ಚಳಿಗಾಲದಲ್ಲಿ ಒಂದು ಹೊಸ ದೂರು. ಇಲ್ಲಿ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜು ದಟ್ಟ. ಮಂಜು ಇರುವ ದಿನ ಮಾತ್ರ ಗಾಡಿ ಸ್ಟಾರ್ಟ್ ಆಗುವಾಗ ಅರ್ಧ ಇಂಜಿನ್ ಸತ್ತಂತೆ ನಡುಗುತ್ತಿತ್ತು. ಮತ್ತೆ ಹಾರ್ನೆಸ್ ಮೇಲೇ ಎಲ್ಲರ ಕಣ್ಣು. ಈ ಇಂಜಿನ್‌ಗೆ ಎರಡು ಕಾಯಿಲ್, ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಎರಡು ಡಿಸ್ಟ್ರಿಬ್ಯೂಟರ್. ಫೈರಿಂಗ್ ಆರ್ಡರ್, ಅಂದರೆ ಕಿಡಿ ಬೀಳುವ ಸರದಿ, 1-5-4-8-6-3-7-2. ಒಂದು ಬಿಟ್ಟು ಒಂದು ಕಿಡಿ ಒಂದೊಂದು ಕಾಯಿಲ್‌ನದು. ಅದಕ್ಕೇ ಒಂದು ಬದಿ ಹೋದರೆ ನಾಲ್ಕು ಸಿಲಿಂಡರ್ ಒಟ್ಟಿಗೇ ಹೋಗುತ್ತವೆ. ಸ್ಕೋಪ್‌ನಲ್ಲಿ ಎರಡೂ ಕಾಯಿಲ್‌ನ ಪ್ರೈಮರಿ ಒಂದೇ ತರ ಇತ್ತು. ಹಾಗಾದರೆ ತೊಂದರೆ ಕಾಯಿಲ್ ದಾಟಿದ ಮೇಲಿನದು. ಒಂದು ಕ್ಯಾಪ್ ಬಿಚ್ಚಿದರೆ ಒಳಗೆ ನೀರಿನ ಹನಿ, ರೋಟರ್ ಹಿಂದಿನ ಇನ್ಸುಲೇಟರ್ ಮೇಲೆ ಕಿಡಿ ಓಡಿದ ಕರಿ ಗೆರೆ. ಎರಡೂ ಬದಿಯ ಕ್ಯಾಪ್, ರೋಟರ್, ಇನ್ಸುಲೇಟರ್ ಬದಲಿಸಿದೆ. ಸಾಮಾನಿಗೆ ಏಳುನೂರರ ಆಸುಪಾಸು. ಕ್ಯಾಪ್ ಮಾತ್ರ ಬದಲಿಸಿ ಇನ್ಸುಲೇಟರ್ ಬಿಟ್ಟರೆ ಮುಂದಿನ ಮಂಜಿಗೆ ಗಾಡಿ ಮತ್ತೆ ಬರುತ್ತದೆ. ನಮ್ಮ ಉಡುಪಿ ಕಡೆ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕಾಲದ ಗಾಡಿಗಳನ್ನು ಒರೆಸಿ ಒರೆಸಿ ಸ್ಟಾರ್ಟ್ ಮಾಡಿದ ಅಭ್ಯಾಸ ಇಲ್ಲಿ ಕೈ ಹಿಡಿಯಿತು.

ಖರ್ಚಿನ ಲೆಕ್ಕ ನೆನಪಿದ್ದಷ್ಟು: ವೈರ್‌ಗೆ ನಾನೂರು, ಪಿನ್ ಮತ್ತು ಇಂಜೆಕ್ಟರ್ ಪ್ಲಗ್‌ಗಳಿಗೆ ಇನ್ನೂರೈವತ್ತು, ಸ್ಕ್ರ್ಯಾಪ್ ಹಾರ್ನೆಸ್ 300, ಶೀಲ್ಡ್ ಕೇಬಲ್ ಎರಡು ಸಲ ಸೇರಿ ನೂರೈವತ್ತು. ಕೂಲಿ ಸೇರಿ ಅರ್ಬಾಬ್ ಕೊಟ್ಟಿದ್ದು ಸುಮಾರು 4,500. ಮುಂಚೆ ಸುಮ್ನೆ ಹೋದ ದುಡ್ಡಿನ ಅರ್ಧ. ಕಿತ್ತು ಹಾಕಿದ್ದ ಹಳೇ ಎಲ್‌ಎಚ್ ಮಾಡ್ಯೂಲ್ ಅವರ ಡಿಕ್ಕಿಯಲ್ಲೇ ಇತ್ತು. ಹಾಕಿ ನೋಡಿದೆ, ಏನೂ ಆಗಿರಲಿಲ್ಲ. ಈಗ ಗಾಡಿ ಓಡುತ್ತಿರುವುದು ಅದರಲ್ಲೇ.

ಈ ಕೆಲಸ ಕಲಿಯುವ ಹುಡುಗರಿಗೆ ಒಂದು ಮಾತು. ಬಿಸಿಯಲ್ಲಿ ಅಳೆಯುವ ತಾಳ್ಮೆ ಇಲ್ಲದಿದ್ದರೆ ಈ ವರ್ಷಗಳ ಗಾಡಿ ಒಪ್ಪಿಕೊಳ್ಳಬೇಡಿ. ಗಿರಾಕಿಗೆ ಮೊದಲೇ ಹೇಳಿ, ಗಾಡಿ ವಾರಗಟ್ಟಲೆ ನಿಲ್ಲುತ್ತದೆ ಅಂತ. ಸಾಫ್ಟ್ ಟಾಪ್ (ಮಡಚುವ ಬಟ್ಟೆಯ ಮೇಲ್ಛಾವಣಿ) ಹೈಡ್ರಾಲಿಕ್ ಸಿಲಿಂಡರ್ ಸೋರುತ್ತಿದ್ದರೆ ಅದನ್ನು ಬೇರೆ ಬಿಲ್ ಮಾಡಿ, ಇದರ ಜೊತೆ ಬೆರೆಸಬೇಡಿ. ನನ್ನ ರೇಟು ಈಗ ವಿ8 ಹಾರ್ನೆಸ್‌ಗೆ 3,500, ಇಟಿಎ ಬೇರೆ 800. ಆರು ಸಿಲಿಂಡರ್ ಎಂ104 ಆದರೆ ಕಮ್ಮಿ ಮಾಡುತ್ತೇನೆ. ಎಸ್‌ಎಲ್ 600 ಮಾತ್ರ ಮುಂದಿನ ಬೇಸಿಗೆವರೆಗೆ ತೆಗೆದುಕೊಳ್ಳುವುದಿಲ್ಲ. ಆ ವಿ12ಗೆ ಇಟಿಎ ಎರಡು, ಎಲ್‌ಎಚ್ ಮಾಡ್ಯೂಲ್ ಎರಡು, ಇಜಡ್‌ಎಲ್ ಎರಡು. ಅದಕ್ಕೆ ಬೇಕಾದ ಹಲಗೆಯನ್ನು ಇನ್ನೂ ಮಾಡುತ್ತಿದ್ದೇನೆ.