ಹೆದ್ದಾರಿಯ ಒಂದು ಲೇನ್ ಮುಚ್ಚುವ ಕ್ರಮ

ನಾಲ್ಕು ಪಥದ ಹೆದ್ದಾರಿಯಲ್ಲಿ ಮೀಡಿಯನ್ (ರಸ್ತೆ ನಡುವಿನ ವಿಭಜಕ) ಪಕ್ಕದ ಲೇನನ್ನು ಒಂದು ವಾರ ಮುಚ್ಚಿ ಅಗೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಚಾಲಕನು ಅಪಾಯವನ್ನು ಕಂಡು, ಬ್ರೇಕ್ ಒತ್ತಿ, ವಾಹನ ನಿಲ್ಲುವಷ್ಟರಲ್ಲಿ ಸುಮಾರು 180 ಮೀಟರ್ ಕಳೆದಿರುತ್ತದೆ. ಹೀಗಾಗಿ ಗುಂಡಿಯ ಪಕ್ಕದಲ್ಲೇ ನೆಟ್ಟ ಫಲಕವು ಗುಂಡಿ ಎಲ್ಲಿದೆ ಎಂದು ತೋರಿಸೀತೇ ಹೊರತು ಯಾರನ್ನೂ ಎಚ್ಚರಿಸಲಾರದು.

ರಸ್ತೆ ಕಾಮಗಾರಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಮಾರ್ಗಸೂಚಿಯು ಕಾಮಗಾರಿಯ ಜಾಗವನ್ನು ನಾಲ್ಕು ವಲಯಗಳಾಗಿ ವಿಂಗಡಿಸುತ್ತದೆ: ಮುನ್ಸೂಚನೆ ನೀಡುವುದು, ವಾಹನಗಳನ್ನು ಪಕ್ಕದ ಲೇನಿಗೆ ಸರಿಸುವುದು, ಕೆಲಸ ನಡೆಯುವುದು, ವಾಹನಗಳನ್ನು ಮತ್ತೆ ಮೂಲ ಲೇನಿಗೆ ಬಿಡುವುದು. ವೇಗ 81ರಿಂದ 100 ಕಿ.ಮೀ. ಇರುವಲ್ಲಿ ಮೊದಲನೆಯದಕ್ಕೆ 300ರಿಂದ 500 ಮೀಟರ್, ಎರಡನೆಯದಕ್ಕೆ 100ರಿಂದ 200 ಮೀಟರ್ ಬೇಕು. ವೇಗ 50 ಕಿ.ಮೀ. ಮೀರದ ಊರೊಳಗಿನ ರಸ್ತೆಗೆ 100 ಮತ್ತು 50 ಮೀಟರ್ ಸಾಕು. ನಮ್ಮಲ್ಲಿ ಹೆಚ್ಚಾಗಿ ಕತ್ತರಿ ಬೀಳುವುದು ಎರಡನೆಯ ವಲಯಕ್ಕೆ. ತುಂಬಿದ ಲಾರಿ, ಅದರಲ್ಲೂ ನಮ್ಮ ರಸ್ತೆಗಳಲ್ಲಿ ಬಲಗಡೆಯ ಲೇನನ್ನೇ ಹಿಡಿದು ಬರುವ ಲಾರಿ, ಹತ್ತಿಪ್ಪತ್ತು ಮೀಟರಿನಲ್ಲಿ ಎಡಕ್ಕೆ ಹೊರಳಲಾರದು. ಆದಕಾರಣ ಕೋನುಗಳ ಓರೆಸಾಲನ್ನು ಉದ್ದವಾಗಿ, ಸಮ ಅಂತರದಲ್ಲಿ, ನಡುವೆ ಬೈಕ್ ನುಸುಳದಂತೆ ಜೋಡಿಸಬೇಕು.

ವಾಹನಗಳು ಬರುವ ದಿಕ್ಕಿನ ಮೊದಲ ಫಲಕದಿಂದ ಆರಂಭಿಸಿ, ಅವು ಸಾಗುವ ದಿಕ್ಕಿನಲ್ಲೇ ಫಲಕ, ಕೋನುಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. ಬಲಗಡೆಯ ಲೇನಿನ ಚಾಲಕನಿಗೆ ಎಡಬದಿಯ ಫಲಕವನ್ನು ಬಸ್ಸೊಂದು ಮರೆಮಾಡಬಹುದಾದ್ದರಿಂದ ಮೀಡಿಯನ್ ಮೇಲೂ ಅದೇ ಫಲಕವಿರಲಿ. ಬಾವುಟ ಹಿಡಿದವನು ಲೇನಿನೊಳಗೆ ನಿಲ್ಲಬಾರದು, ಹಿಂದಕ್ಕೆ ಓಡಲು ಜಾಗವಿಲ್ಲದ ಕಡೆಯೂ ನಿಲ್ಲಬಾರದು.

ಓರೆಸಾಲು ಮುಗಿದ ಮೇಲೆ, ಕೆಲಸ ಶುರುವಾಗುವ ಮುನ್ನ ಸ್ವಲ್ಪ ಜಾಗವನ್ನು ಪೂರ್ತಿ ಖಾಲಿ ಬಿಡಬೇಕು. ಅದಿರುವುದು ದಾರಿ ತಪ್ಪಿ ಒಳನುಗ್ಗಿದ ವಾಹನಕ್ಕಾಗಿ. ಆದರೆ ಖಾಲಿ ಜಾಗ ಕಂಡರೆ ನಮಗೆ ತಡೆಯದು. ನಾನು ನೋಡಿಕೊಳ್ಳುತ್ತಿದ್ದ ಒಂದು ಸೈಟಿನಲ್ಲಿ ಜಲ್ಲಿರಾಶಿ, ಮೇಸ್ತ್ರಿಯ ಬೈಕು, ಟಿಪ್ಪರಿನ ನೆರಳಿನಲ್ಲಿ ಸಾಲಾಗಿ ಊಟದ ಡಬ್ಬಿಗಳು, ಎಲ್ಲವೂ ಅಲ್ಲಿಯೇ ಇದ್ದವು. ಊಟ ಮಾಡುವವರ ಬೆನ್ನು ಬರುವ ವಾಹನಗಳ ಕಡೆಗಿತ್ತು.

ಕೆಂಪು-ಬಿಳಿ ಪ್ಲಾಸ್ಟಿಕ್ ಬ್ಯಾರಿಯರ್‌ಗಳಿಗೆ ನೀರು ತುಂಬಿಸಲೇಬೇಕು. ಖಾಲಿ ಬ್ಯಾರಿಯರ್ ಬಸ್ಸಿನ ಗಾಳಿಗೂ ಮಗುಚಬಹುದು. ಬಿಳಿ ಸುಣ್ಣ ಬಳಿದ ಡ್ರಮ್ಮು ಹಗಲಿಗಷ್ಟೇ. ರಾತ್ರಿಗೆ ಪ್ರತಿಫಲಿಸುವ ಪಟ್ಟಿಯೂ ಮಿನುಗುವ ದೀಪವೂ ಬೇಕು. ಸಂಜೆಗೆ ಮೊದಲು ಪಟ್ಟಿಗಳ ಮೇಲಿನ ಸಿಮೆಂಟು, ಧೂಳು, ಮಳೆಗಾಲದಲ್ಲಾದರೆ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕತ್ತಲಾದ ಮೇಲೆ ಮೇಲ್ವಿಚಾರಕನೇ ಒಮ್ಮೆ ಆ ದಾರಿಯಲ್ಲಿ ವಾಹನ ಓಡಿಸಿ ನೋಡಬೇಕು. ಫುಟ್‌ಪಾತಿನಲ್ಲಿ ನಿಂತು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮೀಡಿಯನ್ನಿನ ಕಣಗಿಲೆ ಗಿಡಗಳಿಗೆ ನೀರುಣಿಸುವ ಟ್ಯಾಂಕರನ್ನು ಯಾರೂ ಕಾಮಗಾರಿ ಎಂದು ಎಣಿಸುವುದೇ ಇಲ್ಲ, ಆದರೆ ವೇಗದ ಲೇನಿನಲ್ಲಿ ತೆವಳುವ ಅದೂ ಒಂದು ಕಾಮಗಾರಿಯೇ. ಅದರ ಹಿಂದೆ ಸಾಕಷ್ಟು ದೂರದಲ್ಲಿ, ದೊಡ್ಡ ಬಾಣದ ಗುರುತಿನ ದೀಪಫಲಕ ಹೊತ್ತ ಇನ್ನೊಂದು ವಾಹನ ಜೊತೆಜೊತೆಗೆ ಬರಬೇಕು. ಟ್ಯಾಂಕರಿಗೆ ಸಿಕ್ಕಿಸಿದ ಸೊಪ್ಪಿನ ಟೊಂಗೆ ಅದರ ಬದಲಿಯಲ್ಲ.

2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆ ನಿರ್ಮಾಣ ಮತ್ತು ನಿರ್ವಹಣೆಯ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಾದ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದಿನವೂ ಬೆಳಿಗ್ಗೆ, ಸಂಜೆ ತೆಗೆದ ಫೋಟೊ ಮತ್ತು ದಿನಚರಿಯನ್ನು ಇಟ್ಟುಕೊಳ್ಳುವುದು ಈ ದೃಷ್ಟಿಯಿಂದಲೂ ಒಳ್ಳೆಯದು.

ಕೆಲಸವಿಲ್ಲದೆ ಲೇನ್ ತೆರೆದ ದಿನ ಫಲಕಗಳಿಗೆ ಗೋಣಿಚೀಲ ಹೊದಿಸಬೇಕು. ‘ಮುಂದೆ ಕಾಮಗಾರಿ’ ಎಂಬ ಫಲಕ ದಾಟಿ ಮೂರು ದಿನ ಏನನ್ನೂ ಕಾಣದ ಚಾಲಕ ನಾಲ್ಕನೆಯ ದಿನ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದಿಲ್ಲ. ಎಲ್ಲ ಮುಗಿದ ಮೇಲೆ ತೆಗೆಯುವುದು ಹಾಕಿದ ಕ್ರಮಕ್ಕೆ ವಿರುದ್ಧವಾಗಿ, ಅಂದರೆ ಕೊನೆಯ ಕೋನಿನಿಂದ ಮೊದಲ ಫಲಕದ ಕಡೆಗೆ; ಅದಕ್ಕೂ ಮೊದಲು, ರಕ್ಷಣೆ ಇನ್ನೂ ಇರುವಾಗಲೇ, ಲೇನಿನಲ್ಲಿ ಚೆಲ್ಲಿದ ಜಲ್ಲಿಯನ್ನು ಗುಡಿಸಿ ತೆಗೆಸಬೇಕು.