ಪಾದಚಾರಿ ಮಾರ್ಗಕ್ಕೂ ಒಂದು ಚಕ್ಕುಬಂದಿ

ಆ ಛಾಪಾ ಕಾಗದವನ್ನು ಮೊದಲ ಸಲ ಓದಿದಾಗ ಅಳುವಿನ ನಡುವೆಯೂ ನನಗೆ ನಗು ಬಂದಿತ್ತು. ಪೂರ್ವಕ್ಕೆ ವಿದ್ಯುತ್ ಕಂಬ, ಪಶ್ಚಿಮಕ್ಕೆ ಇಸ್ತ್ರಿ ಗಾಡಿ, ಉತ್ತರಕ್ಕೆ ಶಾಲೆಯ ಕಾಂಪೌಂಡು, ದಕ್ಷಿಣಕ್ಕೆ ಸರ್ಕಾರಿ ರಸ್ತೆ. ಈ ಚಕ್ಕುಬಂದಿಯೊಳಗಿನ ಆರಡಿ ನಾಲ್ಕಡಿ ಜಾಗದ ವ್ಯಾಪಾರದ ಹಕ್ಕನ್ನು 40,000 ರೂಪಾಯಿಗೆ ಬಿಟ್ಟುಕೊಟ್ಟಿರುವುದಾಗಿ ಬರೆದಿತ್ತು. ಹೊಲ ಮಾರುವವರು ಬರೆಸುವ ಭಾಷೆ! ಕೆಳಗೆ ನನ್ನ ಗಂಡನ ರುಜು. ಸುಳ್ಳು ರುಜುವಲ್ಲ, ಕೊನೆಯ ಅಕ್ಷರದ ಕೊಂಬನ್ನು ಅವರು ಉದ್ದಕ್ಕೆ ಎಳೆಯುವ ರೀತಿ ನನಗೆ ಗೊತ್ತು.

ನಮ್ಮದು ಹೂವಿನ ವ್ಯಾಪಾರ. ಅವರು ತೀರಿಕೊಂಡ ಹದಿನಾರನೆಯ ದಿನ ಬುಟ್ಟಿ ಹೊತ್ತು ಹೋದರೆ ನಮ್ಮ ಜಾಗದಲ್ಲಿ ಹಣ್ಣಿನ ಗಾಡಿ ನಿಂತಿತ್ತು. ಮಗಳ ಆಸ್ಪತ್ರೆ ಖರ್ಚಿಗೆ ಆ ಹಣ್ಣಿನವರಿಂದ ಸಾಲ ತಂದದ್ದು ನನಗೆ ತಿಳಿದಿತ್ತು. ಭದ್ರತೆಗೆಂದು ಜಾಗವನ್ನೇ ಬರೆದುಕೊಟ್ಟದ್ದು ತಿಳಿದಿರಲಿಲ್ಲ. ಇದರ ಮಧ್ಯೆ ಮೈದುನ ಬಂದು, ಅಣ್ಣನ ಜಾಗ ತನಗೆ ಸೇರಬೇಕು ಎಂದು ಪಟ್ಟು ಹಿಡಿದ.

ಪೊಲೀಸರು ಇದು ಸಿವಿಲ್ ವ್ಯಾಜ್ಯ ಎಂದರು. ಪರಿಚಯದ ವಕೀಲರು ತಡೆಯಾಜ್ಞೆಗೆ ದಾವೆ ಹೂಡೋಣ ಎಂದರು. ಫೀಜು ಕೇಳಿ ಎದ್ದು ಬಂದೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ ಎಂದು ಹೇಳಿದವರು ಪಕ್ಕದ ಇಸ್ತ್ರಿಯವರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನನಗೆ ಸಿಕ್ಕ ವಕೀಲೆ ಛಾಪಾ ಕಾಗದವನ್ನು ಬದಿಗಿಟ್ಟು, 'ವ್ಯಾಪಾರ ಪ್ರಮಾಣಪತ್ರ ಎಲ್ಲಿ?' ಎಂದು ಕೇಳಿದರು. ಬೀದಿಯಲ್ಲಿ ಮಾರಲು ಗಂಡನ ಹೆಸರಿಗೆ ಪಾಲಿಕೆಯಿಂದ ಸಿಕ್ಕಿದ್ದ ಆ ಪತ್ರ ದೇವರ ಪಟದ ಹಿಂದೆ ಇತ್ತು.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ 5ನೇ ಸೆಕ್ಷನ್ನನ್ನು ಅವರು ಓದಿ ಹೇಳಿದರು. ಪ್ರಮಾಣಪತ್ರವನ್ನಾಗಲಿ ಜಾಗವನ್ನಾಗಲಿ ಯಾರಿಗೂ ವರ್ಗಾಯಿಸುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಪಡೆಯುವವರು ಮುಚ್ಚಳಿಕೆ ಬರೆದುಕೊಡಬೇಕು. ವ್ಯಾಪಾರಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ, ಪ್ರಮಾಣಪತ್ರದ ಅವಧಿ ಮುಗಿಯುವವರೆಗೆ ಆ ಜಾಗದಲ್ಲಿ ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಅವಲಂಬಿತ ಮಕ್ಕಳು ವ್ಯಾಪಾರ ಮಾಡಬಹುದು. ಮೈದುನನ ಮಾತೇ ಅಲ್ಲಿಲ್ಲ. ದೆಹಲಿಯ ಜನಪಥ ಓಣಿಯಲ್ಲಿ ಬಟ್ಟೆ ಮಾರುತ್ತಿದ್ದ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ ಬೀದಿಯಲ್ಲಿ ವ್ಯಾಪಾರ ಮಾಡುವುದು ಮೂಲಭೂತ ಹಕ್ಕು ಎಂದು ಒಪ್ಪಿದೆ. ಆದರೆ ಇಂಥದೇ ಜಾಗ ಬೇಕೆನ್ನುವ ಹಕ್ಕು ಇಲ್ಲವೆಂದೂ ಹೇಳಿದೆಯಂತೆ. ನಮ್ಮದೇ ಅಲ್ಲದ್ದನ್ನು ನನ್ನ ಗಂಡ ಮಾರಿದ್ದರು, ಹಣ್ಣಿನವರು ಕೊಂಡಿದ್ದರು.

ಮರಣ ಪ್ರಮಾಣಪತ್ರ, ವಂಶವೃಕ್ಷ, ಪಡಿತರ ಚೀಟಿ ಲಗತ್ತಿಸಿ ಪಾಲಿಕೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ಗೆದ್ದೆ ಎಂದುಕೊಂಡೆ. ವಾರದೊಳಗೆ ಹಣ್ಣಿನವರು ತಿರುಗುಬಾಣ ಬಿಟ್ಟರು: ಗಂಡ ಷರತ್ತು ಮುರಿದಿದ್ದಾನೆ, ಆದ್ದರಿಂದ 10ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರವನ್ನೇ ರದ್ದು ಮಾಡಿ! ಅಂದರೆ ತನಗೆ ಸಿಗದಿದ್ದರೆ ನನಗೂ ಬೇಡ.

ರುಜು ನಕಲಿ ಎಂದುಬಿಡು ಎಂದು ನಂಟರೆಲ್ಲ ಹೇಳಿದರು. ನನಗೂ ಒಂದು ರಾತ್ರಿ ಹಾಗೇ ಅನಿಸಿತ್ತು. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜಗಳನ್ನೂ ಯಾರೂ ನಂಬುವುದಿಲ್ಲ ಎಂದು ವಕೀಲೆ ಗದರಿದರು. ಸಾಲ ತಂದದ್ದು ನಿಜ, ಬರೆದುಕೊಟ್ಟದ್ದು ನಿಜ, ಆದರೆ ಜಾಗವನ್ನು ಒಂದು ದಿನವೂ ಬಿಟ್ಟುಕೊಟ್ಟಿರಲಿಲ್ಲ ಎಂದೇ ಉತ್ತರ ಬರೆಸಿದೆವು.

ಅದನ್ನು ತೋರಿಸುವುದು ಹೇಗೆ? ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟಿದ್ದ ಸುಂಕದ ಚೀಟಿಗಳಲ್ಲಿ ತಾರೀಖು ಇತ್ತು, ಹೆಸರಿರಲಿಲ್ಲ. ಕೈಹಿಡಿದದ್ದು ಬ್ಯಾಂಕಿನ ಪಾಸ್‌ಬುಕ್ಕು. ಸ್ವನಿಧಿ ಯೋಜನೆಯಲ್ಲಿ 10,000 ರೂಪಾಯಿ ಸಾಲ ಪಡೆದಾಗ ನನ್ನ ಗಂಡ ಬುಟ್ಟಿಗೆ ಕ್ಯೂಆರ್ ಕೋಡ್ ಕಟ್ಟಿದ್ದರು. ಸಂಜೆ ಐದರಿಂದ ಎಂಟರವರೆಗೆ ಹತ್ತು, ಇಪ್ಪತ್ತು, ಮೂವತ್ತು ರೂಪಾಯಿ, ಸಾಲು ಸಾಲಾಗಿ, ಆಸ್ಪತ್ರೆಗೆ ಸೇರಿದ ಹಿಂದಿನ ದಿನದವರೆಗೂ ಜಮೆಯಾಗಿತ್ತು. ಕೊನೆಯದು ಹದಿನೈದು ರೂಪಾಯಿ. ಯಾರೋ ಅರ್ಧ ಮೊಳ ಕನಕಾಂಬರ ಕೊಂಡಿರಬೇಕು. ಇಸ್ತ್ರಿಯವರೂ ಬಂದು ಹೇಳಿಕೆ ಕೊಟ್ಟರು.

ವಿಚಾರಣೆ ಎರಡು ಸಲ ಮುಂದೆ ಹೋಗಿ, ಮೂರನೆಯ ಸಲ ನಡೆಯಿತು. ಅವಧಿ ಮುಗಿಯುವವರೆಗೆ ನಾನೇ ವ್ಯಾಪಾರ ಮಾಡಬಹುದು, ಹಣದ ವಿಷಯ ಪಾಲಿಕೆಗೆ ಸಂಬಂಧಿಸಿದ್ದಲ್ಲ ಎಂದು ಆದೇಶವಾಯಿತು.

ಕಾಗದವೇ ಊರ್ಜಿತವಲ್ಲದ ಮೇಲೆ ಹಣ ಏಕೆ ಕೊಡುತ್ತೀಯ ಎಂದವರಿದ್ದಾರೆ. ಆ ಹಣದಿಂದ ನನ್ನ ಮಗಳು ಬದುಕಿದ್ದಾಳೆ. ಪ್ರಾಧಿಕಾರದಲ್ಲೇ ರಾಜಿಗೆ ಕೂತು, ಬಾಕಿ 26,000ವನ್ನು ತಿಂಗಳಿಗೆ 2,000ದಂತೆ ಹದಿಮೂರು ಕಂತಿನಲ್ಲಿ ತೀರಿಸಿದೆ. ಹಣ್ಣಿನವರು ಕೊನೆಯ ಕಂತು ಎಣಿಸಿಕೊಂಡು ಛಾಪಾ ಕಾಗದ ವಾಪಸು ಕೊಟ್ಟರು.

ಗಂಡನ ಪ್ರಮಾಣಪತ್ರದ ಅವಧಿ ಮುಗಿಯುವ ಮೊದಲೇ ಬೀದಿ ವ್ಯಾಪಾರಿಗಳ ಹೊಸ ಸಮೀಕ್ಷೆ ಬಂತು. ಬುಟ್ಟಿಯ ಮುಂದೆ ಕೂತು ನನ್ನ ಹೆಸರಿನಲ್ಲೇ ಫೋಟೊ ತೆಗೆಸಿಕೊಂಡೆ. ಈಗ ಮುಚ್ಚಳಿಕೆಯೂ ನನ್ನದೇ. ಮೊನ್ನೆ ಮೈದುನ ಬಂದು, ಬೆಳಗಿನ ಹೊತ್ತು ಜಾಗ ಕೊಡಿ ಅತ್ತಿಗೆ, ದಿನಕ್ಕೆ ಇನ್ನೂರು ಬಾಡಿಗೆ ಕೊಡುತ್ತೇನೆ ಎಂದ. ಮುಚ್ಚಳಿಕೆಯ ಪ್ರತಿಯನ್ನು ಅವನ ಕೈಗಿಟ್ಟೆ. ಆಮೇಲಿಂದ ಅವನ ಮನೆಯ ಪೂಜೆಗೆ ಹೂವು ಬೇರೆ ಕಡೆಯಿಂದ ಹೋಗುತ್ತಿದೆ.