ತಲೆಗೆ ಇನ್ನೂರು ಬಾತ್: ಫುಕೆಟ್ ಏರ್‌ಪೋರ್ಟಿನಿಂದ ರಿಸಾರ್ಟಿಗೆ ಶೇರಿಂಗ್ ವ್ಯಾನಿನಲ್ಲಿ

ಕಲಬುರಗಿಯಲ್ಲಿ ಟಂಟಂ ಹತ್ತಿ ಬೆಳೆದವರಿಗೆ ಶೇರಿಂಗ್ ಗಾಡಿಯ ಮೊದಲ ನಿಯಮ ಯಾರೂ ಹೇಳಿಕೊಡಬೇಕಿಲ್ಲ. ತುಂಬುವ ತನಕ ಬಿಡುವುದಿಲ್ಲ. ಡ್ರೈವರ್ ‘ಬಿಟ್ಟೆ ಬಿಟ್ಟೆ, ಕುಂದರ್ರಿ’ ಅನ್ನುತ್ತಾನೆ. ಎಂಜಿನ್ ಕೂಡ ಚಾಲೂ ಇರುತ್ತದೆ. ಆದರೆ ಬಿಡುವುದಿಲ್ಲ, ಇನ್ನೂ ಒಂದು ಸೀಟು ಬಾಕಿ ಇರುತ್ತದೆ. ಹೋದ ಡಿಸೆಂಬರಿನಲ್ಲಿ ಥಾಯ್ಲೆಂಡಿನ ಫುಕೆಟ್ ಏರ್‌ಪೋರ್ಟಿನ ಹೊರಗೆ ಒಂದು ಬಿಳಿ ವ್ಯಾನಿನಲ್ಲಿ ಕೂತು ನಲವತ್ತು ನಿಮಿಷ ಕಾದೆವು. ನನ್ನ ಪಕ್ಕದಲ್ಲಿ ಅವ್ವ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಥಾಯ್ ಅಂತೂ ದೂರದ ಮಾತು. ಆದರೂ ಏನು ನಡೆಯುತ್ತಿದೆ ಅಂತ ಅವಳಿಗೇ ಮೊದಲು ತಿಳಿಯಿತು.

“ತುಂಬಿಲ್ಲಂತ ನಿಂತಾನ. ಸೇಡಂ ಕ್ರೂಸರ್‌ದವನಂಗೇ ಇದ್ದಾನ.”

ನಾನು ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ವಿಮಾನದ ಟಿಕೆಟ್ಟು, ನಾಲ್ಕು ರಾತ್ರಿಯ ರಿಸಾರ್ಟು ನನ್ನ ತಂಗಿಯ ಲೆಕ್ಕಕ್ಕೆ. ಅವ್ವನಿಗೆ ಅರವತ್ತೈದು ತುಂಬಿತ್ತು, ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ಮಿಕ್ಕ ಖರ್ಚು ನನ್ನದು. ಹಾಗಾಗಿ ಹೋಗುವ ಮುಂಚೆಯೇ ಕಾಗದ ಪೆನ್ನು ಹಿಡಿದು ಕೂತಿದ್ದೆ. ರಿಸಾರ್ಟಿನವರಿಗೆ ಮೇಲ್ ಮಾಡಿ ಕೇಳಿದೆ. ಏರ್‌ಪೋರ್ಟಿನಿಂದ ಕರೆತರಲು ಅವರದೇ ಕಾರಿಗೆ 1,400 ಬಾತ್ ಅಂದರು. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಹಿಡಿಯಿರಿ. ಶೇರಿಂಗ್ ಮಿನಿವ್ಯಾನಿಗೆ ತಲೆಗೆ ಇನ್ನೂರರ ಆಸುಪಾಸು ಅಂತ ಹೋಗಿ ಬಂದವರು ಹೇಳಿದ್ದರು. ನಾನು, ಹೆಂಡತಿ, ಅವ್ವ, ಮೂರು ತಲೆಗೆ ಆರುನೂರು. ಅರ್ಧಕ್ಕಿಂತ ಕಡಿಮೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಲೆಕ್ಕ ನಾಲ್ಕು ತಲೆ ದಾಟಿದರೆ ಕೆಡುತ್ತದೆ. ಏರ್‌ಪೋರ್ಟಿನ ಟ್ಯಾಕ್ಸಿ ಸಾವಿರದ ಮೇಲೆ ಸ್ವಲ್ಪಕ್ಕೆ ಸಿಗುತ್ತದೆ. ಐದು ಜನ ಇದ್ದರೆ ವ್ಯಾನಿಗೂ ಸಾವಿರ ಆಯಿತಲ್ಲ? ಆಮೇಲೆ ಯಾಕೆ ಕಾಯಬೇಕು, ಯಾಕೆ ಊರೆಲ್ಲ ಸುತ್ತಬೇಕು? ಒಬ್ಬರೋ ಇಬ್ಬರೋ ಇದ್ದರೆ ಕಣ್ಣು ಮುಚ್ಚಿ ಶೇರಿಂಗ್ ಹಿಡಿಯಿರಿ. ಮೂವರಿದ್ದರೆ ಯೋಚಿಸಿ. ಐವರಿದ್ದರೆ ಸುಮ್ನೆ ಟ್ಯಾಕ್ಸಿ.

ಕಲಬುರಗಿಯಿಂದ ರಾತ್ರಿ ಒಂಬತ್ತಕ್ಕೆ ಬಾಡಿಗೆ ಕಾರಿನಲ್ಲಿ ಹೊರಟೆವು. ಸೇಡಂ, ಕೊಡಂಗಲ್, ಪರಿಗಿ, ಚೇವೆಳ್ಳ ದಾಟಿ ಶಂಶಾಬಾದ್, ಅಂದರೆ ಹೈದರಾಬಾದ್ ಏರ್‌ಪೋರ್ಟ್. ಬೆಳಗಿನ ಆರೂವರೆಯ ವಿಮಾನ, ಸುಮಾರು ನಾಲ್ಕು ತಾಸು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ಇಳಿದಾಗ ಅಲ್ಲಿ ಮಧ್ಯಾಹ್ನ ಹನ್ನೆರಡು.

2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವುದಕ್ಕೆ ಮೂರು ದಿನ ಮುಂಚಿನಿಂದ ಆನ್‌ಲೈನಿನಲ್ಲಿ ತುಂಬಬಹುದು, ದುಡ್ಡಿಲ್ಲ. ಅದರಲ್ಲಿ ಉಳಿಯುವ ಹೋಟೆಲಿನ ವಿಳಾಸ ಕೇಳುತ್ತಾರೆ. ಅದನ್ನು ತುಂಬುವಾಗಲೇ ರಿಸಾರ್ಟಿನ ಹೆಸರು, ಬೀಚಿನ ಹೆಸರು, ಫೋನ್ ನಂಬರು ಮೂರನ್ನೂ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಪ್ರಿಂಟ್ ತೆಗೆಸಿಕೊಂಡೆ. ಕೆಳಗೆ ಥಾಯ್ ಲಿಪಿಯಲ್ಲೂ ವಿಳಾಸ. ರಿಸಾರ್ಟಿನವರ ಮೇಲ್‌ನಲ್ಲೇ ಅದು ಇತ್ತು. ಜಗತ್ ಸರ್ಕಲ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಐದು ರೂಪಾಯಿ ಕೊಟ್ಟ ಆ ಹಾಳೆ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು.

ಯಾಕೆಂದರೆ ಫುಕೆಟ್ ಅನ್ನುವುದು ಒಂದು ಊರಲ್ಲ, ಒಂದು ದ್ವೀಪ. ಏರ್‌ಪೋರ್ಟ್ ಇರುವುದು ಉತ್ತರದ ತುದಿಯಲ್ಲಿ. ಹೆಸರಾದ ಬೀಚುಗಳೆಲ್ಲ ಪಶ್ಚಿಮದ ದಂಡೆಗೆ ಸಾಲಾಗಿ ಕೆಳಗೆ ಇಳಿಯುತ್ತವೆ. ಕಮಲಾ, ಪಾಟಾಂಗ್, ಕರೋನ್, ಆಮೇಲೆ ಕಾಟಾ. ಒಂದೇ ಕಂಪನಿಯ ಹೋಟೆಲು, ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ, ಎರಡು ಮೂರು ಬೀಚಿನಲ್ಲಿ ಇರುತ್ತದೆ. ಬೀಚಿನ ಹೆಸರು ಹೇಳದೆ ಬರೀ ಹೋಟೆಲಿನ ಹೆಸರು ಹೇಳಿದರೆ ಬೇರೆ ಕಡೆ ಇಳಿಸಿ ಹೋದಾರು. ನಮ್ಮದು ಕಾಟಾ. ಅವ್ವ ಇದನ್ನು ಮನೆಯಲ್ಲೇ ಕೇಳಿ ನಕ್ಕಿದ್ದಳು. “ಕಾಟಾ ಅಂದ್ರ ಅಡತಿ ಅಂಗಡ್ಯಾಗ ತೊಗರಿ ತೂಗೋ ಕಾಟಾನೇನೋ?”

ಇಮಿಗ್ರೇಷನ್ ಸಾಲಿನಲ್ಲಿ ಒಂದು ತಾಸಿನ ಮೇಲೆ ಹೋಯಿತು. ಬ್ಯಾಗ್ ತೆಗೆದುಕೊಂಡು ಹೊರಗೆ ಬಂದರೆ ಕೂಗುವವರ ಸಂತೆ. ಟ್ಯಾಕ್ಸಿ, ಟ್ಯಾಕ್ಸಿ, ಸರ್, ಮೇಡಂ. ನಾವು ಯಾರಿಗೂ ಉತ್ತರ ಕೊಡದೆ ಮಿನಿಬಸ್ ಅಂತ ಬೋರ್ಡಿದ್ದ ಕೌಂಟರಿಗೆ ಹೋದೆವು. ಹಾಳೆ ತೋರಿಸಿದೆ. ಕೌಂಟರಿನ ಹುಡುಗಿ ಥಾಯ್ ಸಾಲು ಓದಿ, ಒಂದು ಚೀಟಿಯಲ್ಲಿ ಹೋಟೆಲಿನ ಹೆಸರು ಬರೆದು ಕೊಟ್ಟಳು. ಆರುನೂರು ಬಾತ್. ಈ ಚೀಟಿ ಜೋಪಾನ. ಮುಂದೆ ಎರಡು ಸಲ ಕೇಳುತ್ತಾರೆ.

ಚಿಲ್ಲರೆ ಬಾತ್ ಮೊದಲೇ ಇಟ್ಟುಕೊಂಡಿದ್ದೆ. ಅಲ್ಲಿಯ ಎಟಿಎಂನಲ್ಲಿ ಹೊರದೇಶದ ಕಾರ್ಡ್ ಹಾಕಿದರೆ ಪ್ರತಿ ಸಲ ಇನ್ನೂರು ಬಾತ್‌ಗೂ ಹೆಚ್ಚು ಫೀ ಕತ್ತರಿಸುತ್ತಾರೆ. ಅಂದರೆ ಒಬ್ಬರ ವ್ಯಾನಿನ ಸೀಟು ಹೋಯಿತು.

ವ್ಯಾನಿನ ಹತ್ತಿರ ಹೋಗುವ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ. ಇದನ್ನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಇನ್ನೂ ಮುಖ್ಯ. ಹತ್ತಿದ ಮೇಲೆ ಎಷ್ಟೊತ್ತಿಗೆ ಇಳಿಯುತ್ತೀರಿ ಅಂತ ಡ್ರೈವರಿಗೂ ಗೊತ್ತಿರುವುದಿಲ್ಲ.

ಸೀಟಿನ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಮೊದಲು ಹೋದವರು ನಾವೇ, ಎಲ್ಲ ಸೀಟು ಖಾಲಿ. ಸಾಮಾನು ಹಿಂದೆ ಇದೆ, ಕಣ್ಣ ಮುಂದೆ ಇರಲಿ ಅಂತ ಹಿಂದಿನ ಸಾಲಿನಲ್ಲಿ ಕೂತೆವು. ಅದು ಯಾರಿಗೂ ಬೇಡದ ಸಾಲು. ಗಾಡಿ ಕುಲುಕುವುದು ಅಲ್ಲೇ ಜಾಸ್ತಿ, ಏಸಿ ಗಾಳಿ ಬರುವುದು ಅಲ್ಲೇ ಕಡಿಮೆ. ಅವ್ವನನ್ನು ಡ್ರೈವರ್ ಪಕ್ಕ ಕೂರಿಸಬೇಕಿತ್ತು. ಆ ಸೀಟು ಕೊನೆಗೆ ಬಂದ ಒಬ್ಬ ಎತ್ತರದ ಹುಡುಗನ ಪಾಲಾಯಿತು.

ನಲವತ್ತು ನಿಮಿಷದ ಮೇಲೆ ವ್ಯಾನ್ ಹೊರಟಿತು. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಗಾಡಿ ಓಡಿಸುವುದು. ಸ್ವಲ್ಪ ದೂರ ಹೋದ ಮೇಲೆ ದೊಡ್ಡ ವೃತ್ತದ ನಡುವೆ ಇಬ್ಬರು ಹೆಣ್ಣುಮಕ್ಕಳ ಪ್ರತಿಮೆ. 1785ರಲ್ಲಿ ಬರ್ಮಾದ ಸೈನ್ಯ ಮುತ್ತಿಗೆ ಹಾಕಿದಾಗ ಜನರನ್ನು ಕೂಡಿಸಿ ಊರು ಉಳಿಸಿದ ಅಕ್ಕತಂಗಿಯರು ಅವರು. ಹುಬ್ಬಳ್ಳಿಯಲ್ಲಿ ಚೆನ್ನಮ್ಮ ಸರ್ಕಲ್ ಇದ್ದ ಹಾಗೆ ಅಂತ ಅವ್ವನಿಗೆ ಹೇಳಿದೆ. ಅವಳು ಕಿಟಕಿಗೆ ಕೈ ಮುಗಿದಳು.

ಆಮೇಲೆ ಆಯಿತು ನಾನು ಕಾಯುತ್ತಿದ್ದ ಸಂಗತಿ. ವ್ಯಾನು ಹೆದ್ದಾರಿ ಬದಿಯ ಒಂದು ಆಫೀಸಿನ ಮುಂದೆ ನಿಂತಿತು. ಗೊತ್ತಿಲ್ಲದಿದ್ದರೆ ಎದೆ ಝಲ್ ಅನ್ನುತ್ತದೆ. ಎಲ್ಲಿ ತಂದು ನಿಲ್ಲಿಸಿದರು, ಯಾಕೆ? ಹೆದರುವಂಥದ್ದು ಏನೂ ಇಲ್ಲ. ಫುಕೆಟ್‌ನ ಶೇರಿಂಗ್ ವ್ಯಾನುಗಳಲ್ಲಿ ಇದು ಮಾಮೂಲು. ಒಬ್ಬ ಹೆಂಗಸು ನಗುತ್ತಾ ಬಂದು ಎಲ್ಲರ ಚೀಟಿ ನೋಡಿ, ಯಾರನ್ನು ಎಲ್ಲಿ ಇಳಿಸಬೇಕು ಅಂತ ಪಟ್ಟಿ ಮಾಡಿದಳು. ಇದು ಅವಳ ಅರ್ಧ ಕೆಲಸ. ಮಿಕ್ಕ ಅರ್ಧ ವ್ಯಾಪಾರ. ನಾಳೆ ಎಲ್ಲಿಗೆ ಹೋಗುತ್ತೀರಿ? ಫಿಫಿ ದ್ವೀಪಕ್ಕೆ ದೋಣಿ ಬುಕ್ ಆಗಿದೆಯಾ? ವಾಪಸ್ ಏರ್‌ಪೋರ್ಟಿಗೆ ಗಾಡಿ ಬೇಕಾ? ಮೆತ್ತಗೆ, ಆದರೆ ಬಿಡದೆ ಕೇಳುತ್ತಾಳೆ. ಮುಂದಿನ ಸಾಲಿನ ಗಂಡಹೆಂಡತಿ ಕೆಳಗಿಳಿದು ಹೋಗಿ ಏನೋ ಬುಕ್ ಮಾಡಿಸಿದರು. ಹದಿನೈದು ನಿಮಿಷ ಅವರಿಗಾಗಿ ನಾವೆಲ್ಲ ಕೂತೆವು. ನಾನು “ಎಲ್ಲಾ ಬುಕ್ ಆಗಿದೆ” ಅಂತ ಮೂರು ಪದ ಇಂಗ್ಲಿಷಿನಲ್ಲಿ ಹೇಳಿ ನಕ್ಕೆ. ಅಲ್ಲಿಗೆ ಮುಗಿಯಿತು. ಕಾರಣ ಕೊಡಲು ಹೋಗಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಇಟ್ಟುಕೊಂಡಿರುತ್ತಾಳೆ. ದೋಣಿಯ ದರವನ್ನು ರಿಸಾರ್ಟಿನ ಹತ್ತಿರದ ನಾಲ್ಕು ಅಂಗಡಿಯಲ್ಲಿ ಕೇಳಿ ನೋಡಿದ ಮೇಲೆ ತೀರ್ಮಾನ ಮಾಡಿದರೆ ಸಾಕು.

ಪಾಟಾಂಗ್‌ಗೆ ಗುಡ್ಡ ದಾಟಿ ಇಳಿಯಬೇಕು. ಕಡಿದಾದ ತಿರುವುಗಳು. ಅವ್ವನ ಮುಖ ಸಪ್ಪಗಾಯಿತು. ಕರ್ಚೀಫಿನಲ್ಲಿ ಕಟ್ಟಿಕೊಂಡಿದ್ದ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿದಳು. ಪ್ಲಾಸ್ಟಿಕ್ ಚೀಲ ಕೈಯಲ್ಲೇ ಇತ್ತು, ಪುಣ್ಯಕ್ಕೆ ಬೇಕಾಗಲಿಲ್ಲ. ಕಲಬುರಗಿ ಬಯಲುಸೀಮೆ. ನಮ್ಮ ಹೊಟ್ಟೆಗೆ ಘಾಟಿ ರಸ್ತೆ ರೂಢಿಯಿಲ್ಲ. ಹಾಗಾಗಿ ವಿಮಾನದಲ್ಲಿ ಕೊಟ್ಟಿದ್ದೆಲ್ಲ ತಿಂದು ಈ ವ್ಯಾನ್ ಹತ್ತಬೇಡಿ.

ಪಾಟಾಂಗ್‌ನಲ್ಲಿ ಇಳಿಯುವವರೇ ಜಾಸ್ತಿ. ಒಂದು ಹೋಟೆಲು, ಇನ್ನೊಂದು ಹೋಟೆಲು, ಮತ್ತೆ ಒಂದು ಗಲ್ಲಿ. ಟ್ರಾಫಿಕ್ ಬೇರೆ. ಮೂರನೇ ನಿಲುಗಡೆಯಲ್ಲಿ ಡ್ರೈವರ್ ಹಿಂದಿನ ಬಾಗಿಲು ತೆಗೆದು ಸರಸರನೆ ಬ್ಯಾಗ್ ಇಳಿಸುತ್ತಿದ್ದ. ನನ್ನ ಹೆಂಡತಿ ಕುತ್ತಿಗೆ ತಿರುಗಿಸಿ ನೋಡುತ್ತಿದ್ದವಳು ಒಮ್ಮೆಲೇ ಕೂಗಿದಳು. “ರೀ, ಆ ಬ್ಯಾಗ್ ನಮ್ದು!”

ನಮ್ಮದೇ. ಕಪ್ಪು ಟ್ರಾಲಿ ಬ್ಯಾಗು. ಅಲ್ಲಿದ್ದ ಒಂಬತ್ತು ಬ್ಯಾಗಿನಲ್ಲಿ ಆರು ಕಪ್ಪು. ಅದು ನಮ್ಮದು ಅಂತ ಗೊತ್ತಾಗಿದ್ದು ಹಿಡಿಗೆ ಕಟ್ಟಿದ್ದ ಕೆಂಪು ಪಟ್ಟಿಯಿಂದ. ಹೊರಡುವ ದಿನ ಅವ್ವ ತನ್ನ ಹಳೆ ಇಳಕಲ್ ಸೀರೆಯ ಅಂಚು ಹರಿದು ಎಲ್ಲ ಬ್ಯಾಗಿಗೂ ಕಟ್ಟಿದ್ದಳು. “ಏನವ್ವಾ, ವಿಮಾನದಾಗ ಹೋಗೋ ಬ್ಯಾಗಿಗೆ ಇದೇನು?” ಅಂತ ನಾನು ಬೇಸರ ಮಾಡಿದ್ದೆ. ಆ ಬ್ಯಾಗಿನಲ್ಲಿ ಅವ್ವನ ಮೂರು ದಿನದ ಮಾತ್ರೆ ಇತ್ತು, ಶೇಂಗಾ ಹೋಳಿಗೆ ಇತ್ತು, ಕಡಕ್ ರೊಟ್ಟಿ ಇತ್ತು. ಡ್ರೈವರಿನ ತಪ್ಪು ಅನ್ನಲಾರೆ, ಅವನಿಗೆ ಎಲ್ಲಾ ಕಪ್ಪು ಬ್ಯಾಗೂ ಒಂದೇ. ಪ್ರತಿ ನಿಲುಗಡೆಯಲ್ಲಿ ಒಬ್ಬರು ಕೆಳಗಿಳಿದು ಹಿಂದೆ ನಿಂತುಕೊಳ್ಳಬೇಕು. ಅಲ್ಲಿಂದ ಮುಂದೆ ನಾನು ಹಾಗೆಯೇ ಮಾಡಿದೆ. ಮಾತ್ರೆಗಳನ್ನು ಕೈಚೀಲಕ್ಕೆ ಹಾಕದೆ ದೊಡ್ಡ ಬ್ಯಾಗಿಗೆ ಹಾಕಿದ್ದು ಮಾತ್ರ ನನ್ನದೇ ದಡ್ಡತನ.

ಪಾಟಾಂಗ್ ದಾಟಿದ ಮೇಲೆ ವ್ಯಾನಿನಲ್ಲಿ ಉಳಿದವರು ನಾವು ಮತ್ತು ಆ ಎತ್ತರದ ಹುಡುಗ. ರಸ್ತೆ ಮತ್ತೆ ಗುಡ್ಡ ಏರಿ ಇಳಿಯಿತು. ಬಲಗಡೆ ಗಿಡಗಳ ನಡುವೆ ನೀಲಿ ಕಾಣಿಸಿತು. ನಾನೇನೂ ಹೇಳಲಿಲ್ಲ. ಅವ್ವ ಕಣ್ಣು ತೆರೆದಳು. “ಕೆರಿ ಏನೋ?” ಅಂದಳು. ಆಮೇಲೆ ದಂಡೆ ಕಾಣಿಸಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಕರೋನ್‌ನಲ್ಲಿ ಹುಡುಗ ಇಳಿದ. ಅಲ್ಲಿಂದ ಗುಡ್ಡದ ತುದಿಯಲ್ಲಿ ಬಿಳಿ ಬುದ್ಧ ಕಾಣುತ್ತಾನೆ, 45 ಮೀಟರ್ ಎತ್ತರದ ಮೂರ್ತಿ. ಕಲಬುರಗಿಯ ಬುದ್ಧ ವಿಹಾರಕ್ಕೆ ಅವ್ವ ಎಷ್ಟೋ ಸಲ ಹೋಗಿದ್ದಾಳೆ. “ನಮ್ಮೂರಾಗ ಒಳಗ ಕುಂತಾನ, ಇಲ್ಲಿ ಹೊರಗ ಕುಂತಾನ” ಅಂದಳು.

ಕಾಟಾ ತಲುಪಿದಾಗ ನಾಲ್ಕೂವರೆ. ಎರಡಕ್ಕೆ ಹೊರಟ ವ್ಯಾನು, ಎರಡೂವರೆ ತಾಸು. ನೇರ ಟ್ಯಾಕ್ಸಿಯಾಗಿದ್ದರೆ ಒಂದೂ ಕಾಲು ತಾಸಿನ ದಾರಿ. ಇಳಿಸುವ ಸರದಿಯಲ್ಲಿ ಕಾಟಾ ಕೊನೆಗೆ ಬರುತ್ತದೆ ಅಂತ ನಕ್ಷೆ ನೋಡಿದರೇ ತಿಳಿಯುತ್ತದೆ. ನಾನು ದರ ಮಾತ್ರ ನೋಡಿದ್ದೆ, ಸರದಿ ನೋಡಿರಲಿಲ್ಲ. ಪಾಟಾಂಗ್‌ನಲ್ಲೇ ಇಳಿಯುವವರಿಗೆ ಈ ವ್ಯಾನು ಬಹಳ ಲಾಭ. ಕಾಟಾದವರಿಗೆ ಅಷ್ಟಕ್ಕಷ್ಟೆ. ಆದರೆ ರೂಮು ಸಿಗುವುದು ಮೂರಕ್ಕೆ ಅಂತ ರಿಸಾರ್ಟಿನವರು ಮೊದಲೇ ಹೇಳಿದ್ದರು. ಬೇಗ ಬಂದಿದ್ದರೂ ಲಾಬಿಯಲ್ಲಿ ಕೂರುವುದೇ ಆಗಿತ್ತು. ಹಾಗಾಗಿ ಹೋಗುವಾಗಿನ ಆ ತಾಸು ನನಗೆ ನಷ್ಟ ಅನ್ನಿಸಲಿಲ್ಲ. ಮಧ್ಯರಾತ್ರಿ ಇಳಿದು, ನಿದ್ದೆಗೆಟ್ಟ ಮಕ್ಕಳಿದ್ದರೆ ಇದೇ ಮಾತು ಹೇಳುತ್ತಿರಲಿಲ್ಲ.

ಇನ್ನೂ ಅಗ್ಗದ್ದೂ ಇದೆ. ಏರ್‌ಪೋರ್ಟಿನಿಂದ ಬೀಚುಗಳ ಸಾಲಿನ ಮೇಲೆ ಸ್ಮಾರ್ಟ್ ಬಸ್ ಅಂತ ಓಡುತ್ತದೆ, ಕಾಟಾ ದಾಟಿ ರವಾಯ್ ತನಕ. ನೂರು ಬಾತ್. ಆದರೆ ಅದು ಸ್ಟಾಪಿನಲ್ಲಿ ಇಳಿಸುತ್ತದೆ, ಹೋಟೆಲಿನ ಬಾಗಿಲಿಗಲ್ಲ. ನಮ್ಮ ರಿಸಾರ್ಟ್ ಏರಿನ ಮೇಲಿತ್ತು. ಅವ್ವನ ಮೊಣಕಾಲಿಗೆ, ಮೂರು ಬ್ಯಾಗಿಗೆ ಅದು ಆಗದು. ಬೆನ್ನಿಗೊಂದು ಚೀಲ ಹಾಕಿಕೊಂಡು ಹೋಗುವ ಹುಡುಗರಿಗೆ ಅದೇ ಸರಿ.

ವಾಪಸ್ಸಿನ ವಿಷಯ ಬೇರೆ. ಹೋಗುವಾಗ ತಡವಾದರೆ ಬೇಸರ, ಬರುವಾಗ ತಡವಾದರೆ ವಿಮಾನವೇ ಹೋಗುತ್ತದೆ. ಟ್ಯಾಕ್ಸಿ ಮಾಡೋಣ ಅಂತ ಹೆಂಡತಿ ಹೇಳಿದಳು. ಅದು ಸರಿಯಾದ ಮಾತೇ. ಆದರೆ ನಮ್ಮ ವಿಮಾನ ಮಧ್ಯಾಹ್ನ ಒಂದಕ್ಕೆ, ರೂಮು ಬಿಡುವುದು ಹೇಗೂ ಬೆಳಿಗ್ಗೆ. ಹೊತ್ತು ಬೇಕಾದಷ್ಟಿತ್ತು. ರಿಸಾರ್ಟಿನ ಎದುರಿನ ಅಂಗಡಿಯಲ್ಲಿ ಹಿಂದಿನ ದಿನವೇ ದುಡ್ಡು ಕೊಟ್ಟು ಮೂರು ಸೀಟು ಹೇಳಿದೆ. ಅವನು ಒಂಬತ್ತೂವರೆಗೆ ಬರುತ್ತದೆ ಅಂದ. ನಾನು ಎಂಟೂವರೆಯದು ಕೊಡು ಅಂದೆ. ಕಾಟಾದಿಂದ ಹೊರಡುವಾಗ ಹತ್ತುವವರಲ್ಲಿ ನಾವೇ ಮೊದಲು. ಆಮೇಲೆ ಕರೋನ್, ಪಾಟಾಂಗ್ ಎಲ್ಲ ಕಡೆ ನಿಲ್ಲುತ್ತದೆ, ಯಾರೋ ಒಬ್ಬರು ರೂಮಿನಿಂದ ಇಳಿದಿರುವುದಿಲ್ಲ. ಚೀಟಿಯ ಮೇಲೆ ಸಮಯ, ಅಂಗಡಿಯ ಫೋನ್ ನಂಬರು ಎರಡೂ ಬರೆಸಿಕೊಂಡೆ. ಬೆಳಿಗ್ಗೆ ಎಂಟಕ್ಕೇ ಬ್ಯಾಗ್ ಇಳಿಸಿ ರಿಸಾರ್ಟಿನ ಗೇಟಿನಲ್ಲಿ ನಿಂತೆವು. ಎಂಟೂವರೆ ದಾಟಿತು, ವ್ಯಾನಿಲ್ಲ. ಎಂಟು ನಲವತ್ತಕ್ಕೆ ರಿಸೆಪ್ಷನ್ನಿನ ಹುಡುಗನ ಕೈಯಲ್ಲಿ ಫೋನ್ ಮಾಡಿಸಿದೆ. ಎಂಟು ಐವತ್ತಕ್ಕೆ ಬಂತು.

ಡ್ರೈವರ್ ಬಾಗಿಲು ತೆಗೆಯುವಷ್ಟರಲ್ಲಿ ಅವ್ವ ಮುಂದಿನ ಸೀಟು ಹತ್ತಿ ಕೂತುಬಿಟ್ಟಿದ್ದಳು, ಮಡಿಲಲ್ಲಿ ನಿಂಬೆಹಣ್ಣು. ಅವನು ನಕ್ಕು ಅವಳಿಗೆ ಬೆಲ್ಟ್ ಹಾಕಿಕೊಟ್ಟ. ನಾನು ಹಿಂದೆ ಹೋಗಿ ಕೆಂಪು ಪಟ್ಟಿ ಎಣಿಸಿದೆ. ಮೂರು.